ಆ ಸೊನ್ನೆ ನಮ್ಮದು

ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಲೀಗಿನ ಫಲಿತಾಂಶ ಪತ್ರಿಕೆಯಲ್ಲಿ ಬಂದರೆ ಎರಡು ಸಾಲು. ಗೆದ್ದ ತಂಡ, ಸೋತ ತಂಡ, ಗೋಲು ಹೊಡೆದವರ ಹೆಸರು, ಪಕ್ಕದಲ್ಲಿ ನಿಮಿಷ. ನಾನು 2002ರಿಂದ 2020ರವರೆಗೆ ಈ ಲೀಗಿನಲ್ಲಿ ಸ್ಟಾಪರ್ ಬ್ಯಾಕ್ ಆಗಿ, ಅಂದರೆ ನಮ್ಮ ಗೋಲಿನ ಮುಂದೆ ನಡುವಿನಲ್ಲಿ ನಿಂತು ಎದುರಾಳಿಯನ್ನು ತಡೆಯುವವನಾಗಿ ಆಡಿದೆ. ಆ ಎರಡು ಸಾಲುಗಳಲ್ಲಿ ನನ್ನ ಹೆಸರು ಬಂದದ್ದು ತೀರಾ ಅಪರೂಪ, ಅದೂ ಯಾವುದೋ ಕಾರ್ನರ್‌ಗೆ ತಲೆ ಕೊಟ್ಟಾಗ. ಇದನ್ನು ದೂರಿನ ಹಾಗೆ ಹೇಳುತ್ತಿಲ್ಲ. ಒಂದು–ಸೊನ್ನೆ ಅಂತ ಗೆದ್ದ ದಿನ ಆ ಒಂದು ಫಾರ್ವರ್ಡ್‌ನದು, ಸೊನ್ನೆ ನಮ್ಮದು. ನಾಲ್ವರು ಬ್ಯಾಕ್‌ಗಳು, ಹಿಂದೆ ಒಬ್ಬ ಕೀಪರ್, ತೊಂಬತ್ತು ನಿಮಿಷ ಸೇರಿ ಕಾಪಾಡಿದ ಸೊನ್ನೆ. ಅದನ್ನು ಕಾಪಾಡುವುದು ಹೇಗೆ ಅಂತ ಕಲಿಯುವುದರಲ್ಲೇ ನನ್ನ ಆಟದ ವರ್ಷಗಳೆಲ್ಲ ಕಳೆದವು.

ನಾನು ಬೆಳೆದದ್ದು ದೂರವಾಣಿನಗರದಲ್ಲಿ. ಅಪ್ಪ ಐಟಿಐ ಕಾರ್ಖಾನೆಯಲ್ಲಿದ್ದರು. ಟೆಲಿಫೋನ್ ಮಾಡುವ ಕಾರ್ಖಾನೆಗೆ ಫುಟ್‌ಬಾಲ್ ತಂಡ ಯಾಕೆ ಅಂತ ಈಗಿನ ಹುಡುಗರು ಕೇಳುತ್ತಾರೆ. ಆಗ ಬೆಂಗಳೂರಿನ ಫುಟ್‌ಬಾಲ್ ನಿಂತಿದ್ದೇ ಕಾರ್ಖಾನೆ, ಪಡೆ ಮತ್ತು ಸರ್ಕಾರಿ ಕಚೇರಿಗಳ ಮೇಲೆ: ಐಟಿಐ, ಎಚ್‌ಎಎಲ್, ಬೆಮೆಲ್, ಸೇನೆಯ ಎಂಇಜಿ, ಎಎಸ್‌ಸಿ. 1977ರಲ್ಲಿ ದೇಶದ ಕ್ಲಬ್ಬುಗಳ ಟೂರ್ನಿಯಾದ ಫೆಡರೇಷನ್ ಕಪ್ ಮೊದಲ ಸಲ ನಡೆದಾಗ ಅದನ್ನು ಗೆದ್ದದ್ದು ಕೋಲ್ಕತ್ತದ ದೊಡ್ಡ ಕ್ಲಬ್ಬಲ್ಲ, ನಮ್ಮ ಐಟಿಐ. ಎರ್ನಾಕುಳಂನಲ್ಲಿ ಫೈನಲ್, ಎದುರಾಳಿ ಮೋಹನ್ ಬಾಗಾನ್, ಫಲಿತಾಂಶ ಒಂದು–ಸೊನ್ನೆ. ಅಪ್ಪ ಈ ಕಥೆ ಹೇಳುವಾಗ ಗೋಲಿನ ಬಗ್ಗೆ ಒಂದು ಮಾತು ಹೇಳಿ, ಆಮೇಲೆ ಹಿಂದಿನವರು ಹೇಗೆ ತಡೆದಿರಬೇಕು ಅಂತ ಉದ್ದಕ್ಕೆ ವಿವರಿಸುತ್ತಿದ್ದರು. ನನ್ನ ತಲೆಯಲ್ಲಿ ಉಳಿದದ್ದು ಆ ಎರಡನೆಯ ಭಾಗ.

ಆದರೂ ಶುರುವಿನಲ್ಲಿ ಎಲ್ಲ ಹುಡುಗರಂತೆ ನಾನೂ ಮುಂದೆಯೇ ಆಡುತ್ತಿದ್ದೆ. ಕಾಲೊನಿ ಮೈದಾನದಲ್ಲಿ ನಮಗೆ ಹೇಳಿಕೊಡುತ್ತಿದ್ದ ಹಿರಿಯ ಆಟಗಾರರೊಬ್ಬರು ಒಂದು ಸಂಜೆ ಕರೆದು, "ನೀನು ಬಾಲ್ ಹಿಂದೆ ಓಡಲ್ಲ ಕಣೋ, ಬಾಲ್ ಬರೋ ಕಡೆ ಹೋಗಿ ನಿಲ್ತೀಯ. ನಾಳೆಯಿಂದ ಹಿಂದೆ ಆಡು" ಅಂದರು. ಅವರ ಮಾತು ಅಷ್ಟೇ. ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವರಿಗಾದ ಖುಷಿ ನೋಡಿ ನನ್ನ ಬೇಸರ ಅರ್ಧ ಇಳಿಯಿತು.

ಸಿ ಡಿವಿಷನ್‌ನಿಂದ ಆರಂಭ. ಬೆಂಗಳೂರಿನ ಲೀಗ್ ಮೆಟ್ಟಿಲುಮೆಟ್ಟಿಲಾಗಿದೆ: ಸಿ, ಬಿ, ಎ, ಅದರ ಮೇಲೆ ಸೂಪರ್ ಡಿವಿಷನ್. ಕೆಳಗಿನ ಡಿವಿಷನ್‌ನ ಎಷ್ಟೋ ಕ್ಲಬ್ಬುಗಳು ಒಂದು ಬೀದಿಯ, ಒಂದು ಬಡಾವಣೆಯ ಗೆಳೆಯರ ಕೂಟ. ಜರ್ಸಿಗೆ ಯಾರೋ ಅಂಗಡಿಯವರು ದುಡ್ಡು ಕೊಡುತ್ತಾರೆ, ಬಾಲ್ ಹಳೆಯದು, ಕೋಚ್ ಕೆಲಸ ಮುಗಿಸಿ ಬರುವವರು. ನೋಂದಣಿ ಆಗ ಕಾಗದದಲ್ಲಿ. ಫಾರ್ಮ್‌ಗೆ ಫೋಟೊ ಅಂಟಿಸಿ, ಕ್ಲಬ್ ಕಾರ್ಯದರ್ಶಿಯ ಸಹಿ ಹಾಕಿಸಿ ಕೊಟ್ಟು ಬರಬೇಕಿತ್ತು. ಒಮ್ಮೆ ಒಂದು ಕ್ಲಬ್ಬಿಗೆ ಸಹಿ ಹಾಕಿದರೆ ಅವರ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಇಲ್ಲದೆ ಇನ್ನೊಂದಕ್ಕೆ ಹೋಗುವಂತಿಲ್ಲ. ಈಗ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ನೋಂದಣಿ ವ್ಯವಸ್ಥೆ ಸಿಆರ್‌ಎಸ್‌ನಲ್ಲಿ ಎಲ್ಲ ಆನ್‌ಲೈನ್. ಕಾಗದದ ಕಾಲದಲ್ಲಿ ನನ್ನ ಒಂದು ಎನ್‌ಒಸಿಯನ್ನು ಕ್ಲಬ್ಬೊಂದು ಕೊಡುವುದೇ ಇಲ್ಲ ಎಂದು ಹಿಡಿದಿಟ್ಟು, ನನ್ನ ಒಂದು ಇಡೀ ಸೀಸನ್ ಹಾಳಾಯಿತು. ಹತ್ತೊಂಬತ್ತರ ಹುಡುಗನಿಗೆ ಒಂದು ಸೀಸನ್ ಎಂದರೆ ಬಹಳ. ಆಟಗಾರನ ಹೆಸರು ಆಟಗಾರನ ಕೈಲೇ ಇರಬೇಕು ಅನ್ನೋದು ನನ್ನ ಗಟ್ಟಿಯಾದ ಅಭಿಪ್ರಾಯ.

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ನಮಗೆಲ್ಲ ದೊಡ್ಡ ಮೈದಾನ. ಲೀಗ್ ಪಂದ್ಯಗಳು ವಾರದ ದಿನಗಳಲ್ಲಿ, ಮಧ್ಯಾಹ್ನದ ಹೊತ್ತು. ಹಾಗಾಗಿ ನೋಡಲು ಬರುವವರಲ್ಲಿ ಹೆಚ್ಚಿನವರು ನಿವೃತ್ತರು, ಅವರಲ್ಲೂ ಬಹುಪಾಲು ಹಳೇ ಆಟಗಾರರು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಗೌತಮಪುರ, ಈ ಕಡೆಯವರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1937ರಲ್ಲೇ ಮುಂಬೈಯ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ಈ ಊರಿನ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಅಂಥ ಕಥೆ ಕೇಳಿ, ಅಂಥವರನ್ನು ನೋಡಿ ಬೆಳೆದ ಹಿರಿಯರು ಗ್ಯಾಲರಿಯಲ್ಲಿ ಕೂತಿರುತ್ತಾರೆ. ಸುಮ್ಮನೆ ಬಾಲ್ ಎತ್ತಿ ಹೊಡೆದರೆ ಅವರು ಬಿಡುವುದಿಲ್ಲ. ತಮಿಳಿನಲ್ಲೋ ಉರ್ದುವಿನಲ್ಲೋ ಕನ್ನಡದಲ್ಲೋ ಮೇಲಿನಿಂದ ಪಾಠ ಬರುತ್ತದೆ. ನನ್ನ ಆಟ ತಿದ್ದಿದವರಲ್ಲಿ ಕೋಚ್‌ಗಳಷ್ಟೇ ಪಾಲು ಆ ಗ್ಯಾಲರಿಗೂ ಇದೆ. ಪಂದ್ಯ ಮುಗಿದು ಹೊರಗೆ ಬರುವಾಗ ಒಬ್ಬ ಹಿರಿಯರು ಹೆಗಲ ಮೇಲೆ ಕೈ ಹಾಕಿ, "ತಮ್ಮಾ, ಲೆಫ್ಟ್ ಬ್ಯಾಕ್ ಮೇಲೆ ಹೋದಾಗ ನೀನ್ಯಾಕೆ ಅಲ್ಲೇ ನಿಂತಿದ್ದೆ? ಎರಡು ಹೆಜ್ಜೆ ಆ ಕಡೆ ಸರೀಬೇಕಪ್ಪ" ಅಂದದ್ದು ಇವತ್ತಿಗೂ ನನಗೆ ಉಪಯೋಗಕ್ಕೆ ಬರುವ ಪಾಠ.

ಸ್ಟಾಪರ್‌ನ ಕೆಲಸದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೋಡುವವರಿಗೆ ಕಾಣುವುದು ಜಾರಿ ಹೋಗಿ ಬಾಲ್ ಕಿತ್ತುಕೊಂಡ ಟ್ಯಾಕಲ್. ಚಪ್ಪಾಳೆ ಅದಕ್ಕೇ ಬೀಳುತ್ತದೆ. ಆದರೆ ಜಾರಬೇಕಾಗಿ ಬಂತು ಅಂದರೆ ಬಹುಪಾಲು ಅದಕ್ಕೆ ಐದು ಸೆಕೆಂಡ್ ಮುಂಚೆ ಎಲ್ಲೋ ಸಾಲು ಬಿರುಕು ಬಿಟ್ಟಿದೆ ಎಂದೇ ಅರ್ಥ. ಫಾರ್ವರ್ಡ್ ಬಾಲ್ ಹಿಡಿದು ಬರುವಾಗ ನೇರ ಎದುರಿಗೆ ನಿಲ್ಲಬಾರದು, ಓರೆಯಾಗಿ ನಿಲ್ಲಬೇಕು, ಒಂದು ಕಾಲು ಹಿಂದೆ. ಅವನಿಗೆ ಒಂದು ದಾರಿ ನಾವೇ ತೋರಿಸಬೇಕು: ಅವನ ಬಲಹೀನ ಕಾಲಿನ ಕಡೆ, ಇಲ್ಲವೇ ಸೈಡ್‌ಲೈನ್ ಕಡೆ. ಕಣ್ಣು ಬಾಲ್ ಮೇಲೆ. ಅವನ ಭುಜ, ಸೊಂಟ, ಕಾಲು ಎಷ್ಟು ಕುಣಿದರೂ ಬಾಲ್ ಕದಲುವ ತನಕ ನಾವು ಕದಲಬಾರದು. ಒಂದು ತೋಳಿನಷ್ಟು ಅಂತರ. ಅದಕ್ಕಿಂತ ಹತ್ತಿರ ಹೋದರೆ ತಿರುಗಿ ದಾಟುತ್ತಾನೆ, ದೂರ ನಿಂತರೆ ತಲೆ ಎತ್ತಿ ಪಾಸ್ ಕೊಡುತ್ತಾನೆ. ಆ ಅಂತರದಲ್ಲಿ ಹಿಂದೆ ಸರಿಯುತ್ತಾ ಅವನ ವೇಗ ತಗ್ಗಿಸಿದರೆ ಸಾಕು, ಅಷ್ಟರಲ್ಲಿ ಮಿಡ್‌ಫೀಲ್ಡ್‌ನವರು ವಾಪಸ್ ಬಂದಿರುತ್ತಾರೆ. ನಾನು ಬಾಲ್ ಮುಟ್ಟಿಯೇ ಇಲ್ಲ, ಆದರೂ ದಾಳಿ ಮುಗಿಯಿತು. ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಗಳಿಗೆಗಳು ಇಂಥವು.

ಎರಡನೆಯದು ಜೋಡಿ. ಇಬ್ಬರು ಸ್ಟಾಪರ್‌ಗಳಲ್ಲಿ ಒಬ್ಬ ಹೆಡ್ಡಿಂಗ್‌ಗೆ ಏರಿದರೆ ಇನ್ನೊಬ್ಬ ಅವನ ಹಿಂದೆ ಓರೆಯಾಗಿ ಕವರ್ ಕೊಡಬೇಕು. ಇಬ್ಬರೂ ಏರಿದರೆ ಕೆಟ್ಟಿತು, ಇಬ್ಬರೂ ಉಳಿದರೆ ಇನ್ನೂ ಕೆಟ್ಟಿತು. ಕ್ಲಿಯರ್ ಮಾಡಿದ ಕೂಡಲೇ ಇಡೀ ಸಾಲು ಮೇಲೆ ಏರಬೇಕು, ಇಲ್ಲವಾದರೆ ಸೆಕೆಂಡ್ ಬಾಲ್, ಅಂದರೆ ನಾವು ಹೊಡೆದಟ್ಟಿದ ಬಾಲ್, ಸಿಕ್ಕವನಿಗೆ ನಮ್ಮ ಬಾಕ್ಸ್ (ಗೋಲಿನ ಮುಂದಿನ ಪೆನಾಲ್ಟಿ ಚೌಕ) ಎದುರಿಗೇ ಜಾಗ. ಇದೆಲ್ಲ ನಡೆಯುವುದು ಬಾಯಿಯಿಂದ. ಸ್ಟಾಪರ್‌ಗೆ ಇಡೀ ಮೈದಾನ ಎದುರಿಗೆ ಕಾಣುತ್ತದೆ, ಮುಂದಿನವರಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ. ಕಂಡದ್ದನ್ನು ಅವನು ಹೇಳಲೇಬೇಕು. "ಮ್ಯಾನ್", "ಟೈಮ್", "ಅಪ್", "ಕೀಪರ್", ಒಂದೊಂದೇ ಪದ, ಅದೂ ಸರಿಯಾದ ಕ್ಷಣಕ್ಕೆ. ನಾನು ಮನೆಯಲ್ಲಿ ಮಾತು ಕಡಿಮೆ ಇದ್ದವನು. ಮೈದಾನದಲ್ಲಿ ಕೂಗುವುದನ್ನು ಕಲಿಯಲು ನನಗೆ ಹೆಡ್ಡಿಂಗ್ ಕಲಿಯುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಗೌತಮಪುರದಿಂದ ಬರುತ್ತಿದ್ದ ನಮ್ಮ ಕೀಪರ್ ಅಣ್ಣ ಅಭ್ಯಾಸದಲ್ಲಿ ನನ್ನನ್ನು ಗೋಲಿನ ಮುಂದೆ ನಿಲ್ಲಿಸಿ, ಬಾಲ್ ಇಲ್ಲದೆ ಬರೀ ಕೂಗಿಸುತ್ತಿದ್ದರು. "ನಿನ್ನ ಸದ್ದು ಕೇಳ್ತಾ ಇದ್ರೆ ನಂಗೆ ಧೈರ್ಯ" ಅಂತಿದ್ದರು. ನಂಬಿಕಸ್ಥ ಬ್ಯಾಕ್ ಅಂತ ಯಾರನ್ನಾದರೂ ಕರೆಯಬೇಕಾದರೆ ಅದನ್ನು ಹೇಳಬೇಕಾದವನು ಕೀಪರ್. ಬೇರೆಯವರ ಮಾತಿಗೆ ನಾನು ಅಷ್ಟು ಬೆಲೆ ಕೊಡಲಿಲ್ಲ.

ಹೊಟ್ಟೆಪಾಡಿನ ವಿಷಯಕ್ಕೆ ಬರುತ್ತೇನೆ. ಕೆಳಗಿನ ಡಿವಿಷನ್‌ನಲ್ಲಿ ಆಟದಿಂದ ಸಂಸಾರ ನಡೆಯುವುದಿಲ್ಲ. ಬಸ್ ಚಾರ್ಜು, ಪಂದ್ಯದ ನಂತರ ಊಟ, ಗೆದ್ದರೆ ಕೈಗೆ ಸ್ವಲ್ಪ ದುಡ್ಡು, ಅಷ್ಟೇ. ಬೂಟು ಜಲಂಧರ್‌ನಲ್ಲಿ ತಯಾರಾದ ನಿವಿಯಾ, ಹೊಲಿಗೆ ಬಿಟ್ಟರೆ ಚಮ್ಮಾರರ ಹತ್ತಿರ ಹಾಕಿಸಿ ಮತ್ತೆ ಅದೇ. ಕಾರ್ಖಾನೆ ತಂಡಗಳಲ್ಲಿ ಸ್ಟೈಪೆಂಡ್ ಆಟಗಾರರು ಅಂತ ಇರುತ್ತಿದ್ದರು, ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ, ಕೆಲಸ ಕಾಯಂ ಅಲ್ಲ. ನನ್ನ ಕಾಲಕ್ಕೆ ಕಾರ್ಖಾನೆಗಳಲ್ಲಿ ಹೊಸ ನೇಮಕವೇ ಬತ್ತಿಹೋಗಿತ್ತು. ಉಳಿದಿದ್ದ ದಾರಿ ಕೇಂದ್ರ ಸರ್ಕಾರಿ ಕಚೇರಿಗಳ ಕ್ರೀಡಾ ಕೋಟಾ.

ಆ ದಾರಿ ಹೇಗಿದೆ ಅಂತ ಇವತ್ತಿಗೂ ಬಹಳ ಹುಡುಗರಿಗೆ ಸರಿಯಾಗಿ ಗೊತ್ತಿಲ್ಲ. ಕ್ಲಬ್ಬಿಗೆ ಹತ್ತು ವರ್ಷ ಎಷ್ಟೇ ಚೆನ್ನಾಗಿ ಆಡಿದರೂ ಅರ್ಹತೆಗೆ ಅದು ಲೆಕ್ಕಕ್ಕಿಲ್ಲ. ಅಂತರರಾಷ್ಟ್ರೀಯ ಪಂದ್ಯ ಆಡಿದವರಿಗೆ ಫಾರ್ಮ್ ಒಂದು, ರಾಜ್ಯದ ಪರ ರಾಷ್ಟ್ರೀಯ ಟೂರ್ನಿ ಆಡಿದವರಿಗೆ ಫಾರ್ಮ್ ಎರಡು, ವಿಶ್ವವಿದ್ಯಾಲಯದ ಪರ ಅಂತರ ವಿಶ್ವವಿದ್ಯಾಲಯ ಟೂರ್ನಿ ಆಡಿದವರಿಗೆ ಫಾರ್ಮ್ ಮೂರು, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ನಾಲ್ಕು. ನನ್ನ ಕಾಲಕ್ಕೆ ಈ ನಾಲ್ಕರಲ್ಲಿ ಒಂದಾದರೂ ಸಹಿ, ಸೀಲಿನೊಂದಿಗೆ ಕೈಯಲ್ಲಿರಬೇಕಿತ್ತು. ನನ್ನ ಕೈಯಲ್ಲಿದ್ದದ್ದು ಮೂರನೆಯದು. ಬಿಕಾಂ ಓದುವಾಗ ಬೆಂಗಳೂರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿದ್ದೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಬೆನ್ನು ಹತ್ತಿ ಆ ಪ್ರಮಾಣ ಪತ್ರ ಮಾಡಿಸಿಕೊಡದಿದ್ದರೆ ನಾನು ಅದರ ಬೆಲೆ ತಿಳಿಯದೆ ಸುಮ್ಮನಿರುತ್ತಿದ್ದೆನೇನೋ. ಅವರ ಋಣ ದೊಡ್ಡದು.

2007ರಲ್ಲಿ ಟ್ರಯಲ್ಸ್ ಆಯಿತು. ಇಪ್ಪತ್ತೆರಡು ಜನ ಅಪರಿಚಿತರನ್ನು ಎರಡು ತಂಡ ಮಾಡಿ ಆಡಿಸಿದರೆ ಫಾರ್ವರ್ಡ್ ತನ್ನ ಕೈಚಳಕ ತೋರಿಸಬಹುದು, ಸ್ಟಾಪರ್ ಏನು ತೋರಿಸಬೇಕು? ಪಕ್ಕದವನ ಹೆಸರೇ ಗೊತ್ತಿಲ್ಲ. ನಾನು ಮೊದಲು ಮಾಡಿದ್ದು ನನ್ನ ಸಾಲಿನ ಮೂವರ ಹೆಸರು ಕೇಳಿ ನೆನಪಿಟ್ಟುಕೊಂಡದ್ದು. ಆಮೇಲೆ ಆಟದುದ್ದಕ್ಕೂ ಅವರ ಹೆಸರು ಹಿಡಿದು ಕರೆದು ಸಾಲು ಕಟ್ಟಿದೆ. ಆಯ್ಕೆ ಸಮಿತಿಯ ಒಬ್ಬರು ನಂತರ ಹೇಳಿದರು: "ನಿಮ್ಮ ಕಡೆ ಇದ್ದವರೆಲ್ಲ ಒಂದೇ ಕ್ಲಬ್ಬಿನವರು ಅಂದ್ಕೊಂಡಿದ್ವಿ." ಗುಮಾಸ್ತನ ಹುದ್ದೆ, ಟೈಪಿಂಗ್ ಪರೀಕ್ಷೆ ಪಾಸು ಮಾಡಬೇಕೆಂಬ ಷರತ್ತು. ಬೆಳಿಗ್ಗೆ ಕಡತ, ಮಧ್ಯಾಹ್ನದ ಮೇಲೆ ಅಭ್ಯಾಸ. ಅಮ್ಮ ನೇಮಕಾತಿ ಪತ್ರವನ್ನು ದೇವರ ಮುಂದೆ ಇಟ್ಟರು. ಅಪ್ಪ ಅದನ್ನು ಎರಡು ಸಲ ಓದಿ ಮಡಚಿಟ್ಟರು.

ಆ ಕಚೇರಿ ತಂಡದೊಂದಿಗೆ ಎ ಡಿವಿಷನ್, ಅಲ್ಲಿಂದ ಸೂಪರ್ ಡಿವಿಷನ್. ಮೇಲೇರಿದ ವರ್ಷ ಮೊದಲ ಪಂದ್ಯಗಳಲ್ಲೇ ವ್ಯತ್ಯಾಸ ಅರಿವಾಯಿತು. ಕೆಳಗಿನವರು ಬಾಲ್ ಸಿಕ್ಕ ಮೇಲೆ ಯೋಚಿಸುತ್ತಾರೆ, ಇಲ್ಲಿನವರು ಸಿಗುವ ಮುಂಚೆಯೇ ಯೋಚಿಸಿರುತ್ತಾರೆ. ನಾನು ಯಾವತ್ತೂ ವೇಗದ ಓಟಗಾರನಲ್ಲ. ಆದ್ದರಿಂದ ಹೊರಡುವುದನ್ನು ಬೇಗ ಮಾಡಬೇಕಿತ್ತು. ಪಾಸ್ ಕೊಡುವವನ ತಲೆ ಕೆಳಗಾದ ಕ್ಷಣ, ನಿಂತ ಕಾಲು ನೆಲಕ್ಕೂರಿದ ಕ್ಷಣ, ನಾನು ಎರಡು ಹೆಜ್ಜೆ ಇಟ್ಟಾಗಿರಬೇಕು. ಎದುರಾಳಿ ತಂಡದ ಹಿಂದಿನ ಪಂದ್ಯಕ್ಕೆ ಹೋಗಿ ಗ್ಯಾಲರಿಯಲ್ಲಿ ಕೂತು ಅವರ ಫಾರ್ವರ್ಡ್ ಯಾವ ಕಡೆ ತಿರುಗುತ್ತಾನೆ, ಕಾರ್ನರ್‌ಗೆ ಎಲ್ಲಿಂದ ಓಟ ಶುರು ಮಾಡುತ್ತಾನೆ ಅಂತ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಪುಸ್ತಕಗಳು ಈಗಲೂ ಇವೆ.

ಮೈದಾನಕ್ಕೆ ಕೃತಕ ಹುಲ್ಲು ಬಂದ ಮೇಲೆ ಬಹಳಷ್ಟು ಮತ್ತೆ ಕಲಿಯಬೇಕಾಯಿತು. ಮಣ್ಣಿನಲ್ಲಿ ಮಳೆಗಾಲದಲ್ಲಿ ಬಾಲ್ ಅರ್ಧಕ್ಕೇ ನಿಲ್ಲುತ್ತದೆ, ಕೀಪರ್‌ಗೆ ಬ್ಯಾಕ್‌ಪಾಸ್ ಕೊಡುವವನು ಜೀವ ಕೈಯಲ್ಲಿ ಹಿಡಿದುಕೊಂಡೇ ಕೊಡಬೇಕು. ಟರ್ಫ್ ಮೇಲೆ ಬಾಲ್ ಎತ್ತರಕ್ಕೆ ಪುಟಿದು, ನಿಲ್ಲದೆ ಓಡುತ್ತದೆ. ಒಂದು ಪುಟಿತ ಬಿಟ್ಟುನೋಡೋಣ ಅಂದರೆ ತಲೆ ಮೇಲಿಂದ ಹೋಗಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಪಾದ ಸುಡುತ್ತದೆ. ಜಾರಿದರೆ ತೊಡೆಯ ಚರ್ಮ ಕಿತ್ತುಬರುತ್ತದೆ, ಅದಕ್ಕೆ ಮುಂಚೆಯೇ ವ್ಯಾಸಲೀನ್ ಹಚ್ಚಿಕೊಳ್ಳುತ್ತಿದ್ದೆವು. ಉದ್ದ ಸ್ಟಡ್‌ಗಳ ಬೂಟು ಪೆಟ್ಟಿಗೆ ಸೇರಿತು. ಆದರೆ ಸಾಲಾಗಿ ಏರುವುದು, ಇಳಿಯುವುದು ಈ ನೆಲದ ಮೇಲೆ ಎಷ್ಟು ಸೊಗಸಾಗಿ ನಡೆಯುತ್ತದೆ ಅಂದರೆ, ನಾಲ್ವರೂ ಒಂದೇ ಮಗ್ಗದ ನೂಲಿನಂತೆ ಹೋಗಿಬರುತ್ತಿದ್ದ ದಿನಗಳೂ ಇದ್ದವು.

ಒಮ್ಮೆ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯ ರಾಜ್ಯ ಶಿಬಿರಕ್ಕೆ ಕರೆ ಬಂತು. ಅಂತಿಮ ಪಟ್ಟಿಯಲ್ಲಿ ಹೆಸರಿರಲಿಲ್ಲ. ನನ್ನ ಜಾಗಕ್ಕೆ ಹೋದವನು ನನಗಿಂತ ಚೆನ್ನಾಗಿದ್ದ, ಎಡಗಾಲಿನಿಂದ ನಲವತ್ತು ಗಜ ಪಾಸ್ ಕೊಡುತ್ತಿದ್ದ. ಆ ಜೆರ್ಸಿ ಹಾಕಲಾಗಲಿಲ್ಲ ಎಂಬ ನೋವು ಇದೆ, ಇಲ್ಲ ಅಂತ ಹೇಳುವುದಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು ಮೂರು–ಎರಡರಿಂದ ಸೋಲಿಸಿ ಟ್ರೋಫಿ ಎತ್ತಿದಾಗ ನಾನು ಅತ್ತುಬಿಟ್ಟೆ. ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ ಐವತ್ತನಾಲ್ಕು ವರ್ಷ ಕಾದಿದ್ದೆವು. ನಮ್ಮ ಲೀಗಿನಲ್ಲೇ ಬೆಳೆದ ಹುಡುಗರು ಅವರು.

ಮೊಣಕಾಲಿನ ಪೆಟ್ಟು 2013ರಲ್ಲಿ. ತಿರುಗುವಾಗ ಕಾಲು ನೆಲಕ್ಕೆ ಹಿಡಿದುಕೊಂಡಿತು, ದೇಹ ತಿರುಗಿತು, ಒಳಗಡೆ ಏನೋ ಚಟ್ ಅಂತು. ಮೆನಿಸ್ಕಸ್, ಅಂದರೆ ಮೊಣಕಾಲಿನ ಕೀಲಿನೊಳಗಿನ ಮೆತ್ತೆ, ಸೀಳಿತ್ತು. ವೈದ್ಯರು ಎರಡು ದಾರಿ ಹೇಳಿದರು. ಸೀಳಿದ ತುಣುಕನ್ನು ಕತ್ತರಿಸಿ ತೆಗೆದರೆ ಆರೆಂಟು ವಾರಗಳಲ್ಲಿ ಓಡಬಹುದು. ಹೊಲಿದರೆ ನಾಲ್ಕಾರು ತಿಂಗಳು ಕಾಯಬೇಕು, ಆದರೆ ಮುಂದೆ ಕೀಲು ಸವೆಯುವುದು ಕಡಿಮೆ. ತಂಡದಲ್ಲಿ ಕೆಲವರು ಬೇಗ ಬಾ ಅಂದರು. ನನ್ನ ಹೆಂಡತಿ, "ಆಟ ಇನ್ನೈದು ವರ್ಷ ಇರುತ್ತೆ, ಕಾಲು ಇನ್ನೈವತ್ತು ವರ್ಷ ಬೇಕು" ಅಂದಳು. ಹೊಲಿಸಿದೆ. ಕಚೇರಿಯ ವೈದ್ಯಕೀಯ ಸೌಲಭ್ಯ ಇದ್ದದ್ದರಿಂದ ನನಗೆ ಖರ್ಚಿನ ಹೊರೆ ಬೀಳಲಿಲ್ಲ. ಅದೇ ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಬಿ ಡಿವಿಷನ್ ಹುಡುಗನ ಮನೆಯವರು ಒಡವೆ ಅಡವಿಟ್ಟಿದ್ದರು. ಅವನ ಕ್ಲಬ್ಬಿನಿಂದ ಯಾರೂ ಬರಲಿಲ್ಲ. ಅವನು ಮತ್ತೆ ಆಡಲೂ ಇಲ್ಲ. ಆಟಗಾರನನ್ನು ನೋಂದಾಯಿಸುವ ಫಾರ್ಮಿನ ಜೊತೆಗೇ ಒಂದು ವಿಮೆ ಕಡ್ಡಾಯವಾಗಿ ಇರಲಿ ಅಂತ ಅಂದಿನಿಂದ ಯಾರ ಎದುರು ಮಾತಾಡಲು ಅವಕಾಶ ಸಿಕ್ಕರೂ ಹೇಳುತ್ತಿದ್ದೇನೆ.

ವಾಪಸ್ ಬಂದ ಮೇಲೆ ಆಟ ಇನ್ನಷ್ಟು ಲೆಕ್ಕಾಚಾರದ್ದಾಯಿತು. ಅದೇ ಹೊತ್ತಿಗೆ ಬೆಂಗಳೂರಿನ ಫುಟ್‌ಬಾಲೂ ಬದಲಾಗುತ್ತಿತ್ತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ವರ್ಷವೇ ಇದೇ ಅಶೋಕನಗರದಲ್ಲಿ ಆಡಿ, ಆಗ ದೇಶದ ಅಗ್ರ ಕ್ಲಬ್ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಯಾವಾಗಲೂ ಖಾಲಿ ನೋಡಿದ್ದ ಆ ಗ್ಯಾಲರಿ ತುಂಬಿದ್ದನ್ನು ಕಂಡು ನಮಗೆಲ್ಲ ರೋಮಾಂಚನ. ಕೆಲವು ವರ್ಷಗಳಲ್ಲಿ ಅಕಾಡೆಮಿಗಳ, ದೊಡ್ಡ ಕ್ಲಬ್ಬುಗಳ ಎರಡನೇ ತಂಡಗಳ ಹುಡುಗರು ಸೂಪರ್ ಡಿವಿಷನ್‌ಗೆ ಬಂದರು. ಹತ್ತೊಂಬತ್ತು ವರ್ಷ, ದಿನಕ್ಕೆ ಎರಡು ಹೊತ್ತು ಅಭ್ಯಾಸ, ತೂಗಿ ಅಳೆದ ಊಟ. ನಾನು ಕಡತ ಮುಚ್ಚಿಟ್ಟು ಬರುತ್ತಿದ್ದ ಮೂವತ್ತು ದಾಟಿದವನು. ಅವರ ಎದುರು ಆಡಿದ ಪಂದ್ಯಗಳಲ್ಲೇ ನಾನು ಅತ್ಯುತ್ತಮವಾಗಿ ಆಡಿದೆ ಅನ್ನಿಸುತ್ತದೆ, ಏಕೆಂದರೆ ಕಾಲಿನಿಂದ ಆಗದ್ದನ್ನೆಲ್ಲ ಕಣ್ಣಿನಿಂದಲೇ ಮಾಡಬೇಕಿತ್ತು.

ನಿಯಮಗಳೂ ಬದಲಾದವು. 2016ಕ್ಕೆ ಮೊದಲು, ಖಚಿತ ಗೋಲಿನ ಅವಕಾಶವನ್ನು ಬಾಕ್ಸ್‌ನೊಳಗೆ ಫೌಲ್ ಮಾಡಿ ತಪ್ಪಿಸಿದರೆ ಪೆನಾಲ್ಟಿಯ ಜೊತೆಗೆ ಕೆಂಪು ಕಾರ್ಡ್, ಮುಂದಿನ ಪಂದ್ಯವೂ ಇಲ್ಲ. ಈಗ ಬಾಲ್‌ಗೇ ಕಾಲು ಹಾಕಿದ್ದರೆ ಪೆನಾಲ್ಟಿ ಮತ್ತು ಹಳದಿ, ಎಳೆದರೆ ತಳ್ಳಿದರೆ ಕೆಂಪೇ. ಪ್ರಾಮಾಣಿಕವಾಗಿ ಆಡುವ ಬ್ಯಾಕ್‌ಗೆ ಇದು ನ್ಯಾಯ. 2019ರಲ್ಲಿ ಗೋಲ್ ಕಿಕ್ಕನ್ನು ನಮ್ಮವರು ಬಾಕ್ಸ್ ಒಳಗೇ ಕಾಲಿಗೆ ತೆಗೆದುಕೊಳ್ಳಬಹುದು ಅಂತಾಯಿತು. ಅಲ್ಲಿಯವರೆಗೆ ಕೀಪರ್ ಎತ್ತಿ ಹೊಡೆದರೆ ನಾವು ಮೇಲೇರುತ್ತಿದ್ದೆವು. ಈಗ ಇಬ್ಬರು ಸ್ಟಾಪರ್‌ಗಳು ಕೀಪರ್‌ನ ಎಡಬಲ ನಿಂತು, ಎದುರಾಳಿ ನುಗ್ಗಿ ಬರುವಾಗಲೇ ಪಾಸ್ ಕಟ್ಟುತ್ತಾ ಹೊರಗೆ ಬರಬೇಕು. ಹೊಸ ಕೋಚ್ ಇದನ್ನು ಹೇಳಿಕೊಡುವಾಗ ನಾನು ಮೂವತ್ತೈದರವನು, ಆದರೂ ಆ ಸೀಸನ್‌ನ ಅಭ್ಯಾಸದಷ್ಟು ಸಂತೋಷ ಬೇರೆ ಯಾವ ಅಭ್ಯಾಸವೂ ಕೊಟ್ಟಿಲ್ಲ.

ಕೊನೆಯ ಸೀಸನ್‌ನಲ್ಲಿ ನಮ್ಮ ತಂಡ ಕೆಳಗಿಳಿಯುವ ಅಂಚಿನಲ್ಲಿತ್ತು. ಡ್ರಾ ಆದರೂ ಉಳಿಯುತ್ತೇವೆ ಎನ್ನುವ ಪಂದ್ಯ. ಅದನ್ನು ಸೊನ್ನೆ–ಸೊನ್ನೆಗೆ ಮುಗಿಸಿದೆವು. ಮುಂದೆ ಕೊರೊನಾ ಬಂದು ಎಲ್ಲ ನಿಂತಿತು. ಮತ್ತೆ ಶುರುವಾದಾಗ ನಾನು ಹೆಸರು ಕೊಡಲಿಲ್ಲ. ನನ್ನ ಜಾಗಕ್ಕೆ ಒಬ್ಬ ಹುಡುಗ ಸಿದ್ಧನಾಗಿದ್ದ, ಅವನನ್ನು ಬೆಂಚಿನ ಮೇಲೆ ಇನ್ನೊಂದು ವರ್ಷ ಕೂರಿಸುವುದು ಸರಿಯಲ್ಲ ಅನ್ನಿಸಿತು.

ಈಗ ಕೋಚಿಂಗ್‌ನ ಡಿ ಲೈಸೆನ್ಸ್ ಮಾಡಿಕೊಂಡು, ಶನಿವಾರ ಭಾನುವಾರ ಬೆಳಿಗ್ಗೆ ಹುಡುಗರಿಗೆ ಹೇಳಿಕೊಡುತ್ತಿದ್ದೇನೆ. ಇಬ್ಬರು ಹಿಂದೆ ಆಡುವವರಿದ್ದಾರೆ, ಒಬ್ಬ ಕೆ.ಆರ್. ಪುರದವನು, ಇನ್ನೊಬ್ಬನ ಮನೆಯವರು ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಎರಡನೆಯವನು ಬಾಲ್ ಇಲ್ಲದಾಗ ಎಲ್ಲಿ ನೋಡುತ್ತಾನೆ ಅಂತ ನಾನು ಗಮನಿಸುತ್ತಿರುತ್ತೇನೆ. ಅವನು ನೋಡುವುದು ಸರಿಯಾದ ಕಡೆಗೇ. ಕೂಗುವುದೊಂದನ್ನು ಕಲಿಸಬೇಕು. ಇಬ್ಬರನ್ನೂ ಈ ವರ್ಷ ಸಿ ಡಿವಿಷನ್‌ನಲ್ಲಿ ನೋಂದಾಯಿಸುತ್ತೇವೆ. ಜನನ ಪ್ರಮಾಣ ಪತ್ರ, ಆಧಾರ್, ಫೋಟೊ ಈಗಲೇ ತರಿಸಿಟ್ಟಿದ್ದೇನೆ. ಶಾಲಾ ಕ್ರೀಡಾಕೂಟಕ್ಕೆ ಹೋಗುವವನಿಗೆ ನಾಲ್ಕನೇ ಫಾರ್ಮ್ ಹೇಗಿರುತ್ತದೆ ಅಂತ ಅವನ ತಾಯಿಗೆ ತೋರಿಸಿ, ಸಹಿ ಯಾರಿಂದ ಆಗಬೇಕು ಅಂತ ಬರೆದುಕೊಟ್ಟಿದ್ದೇನೆ.